‘ಖಾತೆದಾರರೇ ಮಾತಾಡ್ಬೇಕು ಮೇಡಂ’: ಉಡುಪಿಯ ಒಂದು ವಿಡಿಯೊ ರಿಲೇ ಡೆಸ್ಕಿನಿಂದ

ಕಿವಿ ಕೇಳದವರಿಗೆ ಫೋನ್ ಕರೆ ಮಾಡಿಕೊಡುವುದು ನಮ್ಮ ಕೆಲಸ. ಅವರು ವಿಡಿಯೊದಲ್ಲಿ ಸನ್ನೆ ಮಾಡುತ್ತಾರೆ. ಡೆಸ್ಕಿನಲ್ಲಿ ಕೂತ ಇಂಟರ್‌ಪ್ರಿಟರ್ ಅದನ್ನು ಫೋನಿನಲ್ಲಿ ಮಾತಾಗಿಸಿ, ಆ ಕಡೆಯಿಂದ ಬಂದ ಉತ್ತರವನ್ನು ಮತ್ತೆ ಸನ್ನೆಗೆ ತರುತ್ತಾರೆ. ಇದೇ ವಿಡಿಯೊ ರಿಲೇ. ಡಾಕ್ಟರೂ ರೋಗಿಯೂ ಒಂದೇ ಕೋಣೆಯಲ್ಲಿದ್ದು ಇಂಟರ್‌ಪ್ರಿಟರ್ ಮಾತ್ರ ಪರದೆಯ ಮೇಲಿದ್ದರೆ ಅದು ರಿಲೇ ಅಲ್ಲ, ದೂರದಿಂದ ಕೊಡುವ ದುಭಾಷಿ ಸೇವೆ. ಖರ್ಚು ಯಾರದು ಎಂಬಲ್ಲಿ ಎರಡೂ ದಾರಿ ಬೇರೆಯಾಗುತ್ತವೆ. ಆಸ್ಪತ್ರೆಯ ಕೋಣೆಯಲ್ಲಿ ನಡೆಯುವುದಕ್ಕೆ ಆಸ್ಪತ್ರೆಯನ್ನು ಕೇಳಬಹುದು, ಫೋನ್ ಕರೆಗೆ ಯಾರನ್ನು ಕೇಳುವುದು?

ಸನ್ನೆಯಿಂದ ಮಾತಿಗೆ, ಮಾತಿನಿಂದ ಸನ್ನೆಗೆ ದಾಟಿಸುವುದು ಕಲಿತವರಿಗೆ ದಿನನಿತ್ಯದ ಕೆಲಸ. ಡೆಸ್ಕ್ ಹಾಕಿದ ಮೇಲೆ ಗೊತ್ತಾಗುವುದು ಏನೆಂದರೆ, ಕರೆ ಕೆಡುವುದು ಭಾಷೆಯಲ್ಲಲ್ಲ, ಆ ಕಡೆಯವರು ‘ನೀವು ಯಾರು?’ ಎಂದು ಕೇಳುವ ಜಾಗದಲ್ಲಿ.

ಮೊದಲು ಕಾಗದಪತ್ರ. ಅದು ಹೆದರಿಸುವಷ್ಟಿಲ್ಲ. ನಮ್ಮ ದೇಶದಲ್ಲಿ ವಿಡಿಯೊ ರಿಲೇ ಎಂಬ ಹೆಸರಿನ ಪರವಾನಗಿಯೇ ಇಲ್ಲ. ಕಾಲ್ ಸೆಂಟರ್‌ಗಳು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಹಳೇ ನಿಯಮ 2020ರ ನವೆಂಬರ್‌ನಲ್ಲಿ ಹೋಯಿತು, 2021ರ ಜೂನ್‌ನಲ್ಲಿ ಉಳಿದ ಕಟ್ಟುಪಾಡೂ ಸಡಿಲವಾಯಿತು. ಆದರೆ ಇಂಟರ್‌ನೆಟ್ ಕರೆಯನ್ನು ಸಾಮಾನ್ಯ ಫೋನ್ ಜಾಲಕ್ಕೆ ನಾವೇ ಯಂತ್ರ ಇಟ್ಟು ಜೋಡಿಸುವಂತಿಲ್ಲ. ಪೊಲೀಸರು ಆಗಾಗ ಹಿಡಿಯುವ ಸಿಮ್ ಬಾಕ್ಸ್ ದಂಧೆ ಅದೇ ಕೆಲಸದ ಕಳ್ಳ ರೂಪ. ಹಾಗಾಗಿ ನಮ್ಮಲ್ಲಿ ವಿಡಿಯೊಗೆ ಒಂದು ಸಾಧನ, ಫೋನಿಗೆ ಇನ್ನೊಂದು. ನಡುವಿನ ಜೋಡಣೆ ಇಂಟರ್‌ಪ್ರಿಟರ್‌ನ ಕಿವಿ ಮತ್ತು ಕೈ, ಅಷ್ಟೆ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಅಂಗವಿಕಲರಿಗಾಗಿ ನಡೆಸುವ ಸಂಸ್ಥೆಗೆ ನೋಂದಣಿ ಪ್ರಮಾಣಪತ್ರ ಬೇಕು. ಕಾಯ್ದೆಯಲ್ಲಿ ‘ಸಂಸ್ಥೆ’ಯ ವ್ಯಾಖ್ಯೆ ಆರೈಕೆ, ಶಿಕ್ಷಣ, ತರಬೇತಿ, ಪುನರ್ವಸತಿಗೆ ನಿಲ್ಲದೆ ‘ಇತರ ಯಾವುದೇ ಚಟುವಟಿಕೆ’ಯವರೆಗೂ ಚಾಚಿಕೊಂಡಿದೆ. ಫೋನ್ ಡೆಸ್ಕು ಅದರೊಳಗೆ ಬರುತ್ತದೋ ಇಲ್ಲವೋ ಎಂದು ವಾದ ಮಾಡುತ್ತ ಕೂರುವುದಕ್ಕಿಂತ ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಡಳಿತದ ಕಚೇರಿ ಸಂಕೀರ್ಣಕ್ಕೆ, ಹೋಗಿ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಗಳ ಮೂಲಕ ಅರ್ಜಿ ಹಾಕುವುದು ಲೇಸು. ಮುಂದೆ ಬ್ಯಾಂಕಿಗೋ ಕಂಪನಿಗೋ ಪತ್ರ ಬರೆಯುವಾಗ ಆ ನೋಂದಣಿ ಸಂಖ್ಯೆ ಕೆಲಸಕ್ಕೆ ಬರುತ್ತದೆ. ಇಂಟರ್‌ಪ್ರಿಟರ್‌ಗಳಿಗೆ ಭಾರತೀಯ ಸನ್ನೆ ಭಾಷೆಯ ಎರಡು ವರ್ಷದ ಡಿಪ್ಲೊಮಾ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದ್ದರೆ ಒಳ್ಳೆಯದು. ಆಯ್ಕೆ ಮಾಡುವಾಗ ಕೈ ಚೆನ್ನಾಗಿ ಓಡುತ್ತದೆಯೇ ಎಂದಷ್ಟೇ ನೋಡಬೇಡಿ. ಸಣ್ಣ ಪರದೆಯ ಮೇಲೆ, ಅರ್ಧ ಬೆಳಕಿನಲ್ಲಿ, ಗುರುತಿಲ್ಲದವರ ಸನ್ನೆಯನ್ನು ಓದಬಲ್ಲರೇ ಎಂಬುದು ಮುಖ್ಯ. ವೇದಿಕೆಯ ಮೇಲೆ ಮಿಂಚುವವರು ಇಲ್ಲಿ ತಡವರಿಸುವುದುಂಟು.

ಕೋಣೆಗೆ ಹೆಚ್ಚು ಬೇಡ. ಹಿಂದೆ ಒಂದೇ ಬಣ್ಣದ ಗೋಡೆ ಅಥವಾ ಬಟ್ಟೆ, ಕಡು ನೀಲಿಯೋ ಬೂದಿಯೋ. ಇಂಟರ್‌ಪ್ರಿಟರ್‌ನ ಉಡುಪಿನಲ್ಲಿ ಚಿತ್ತಾರ ಇರಬಾರದು, ಬಣ್ಣ ಮೈಬಣ್ಣದಿಂದ ಬೇರೆಯಾಗಿ ಕಾಣಬೇಕು. ಬಳೆ, ದೊಡ್ಡ ಉಂಗುರ ತೆಗೆದಿಡಬೇಕು. ದೀಪ ಎರಡು, ಮುಖದ ಎರಡೂ ಓರೆಯಿಂದ. ಕಿಟಕಿ ಬೆನ್ನ ಹಿಂದಿದ್ದರೆ ಮುಖ ಕಪ್ಪಾಗುತ್ತದೆ, ಸನ್ನೆ ಭಾಷೆಯ ಅರ್ಧ ವ್ಯಾಕರಣ ಇರುವುದೇ ಹುಬ್ಬು, ಬಾಯಿ, ತಲೆಯಾಟದಲ್ಲಿ. ಕ್ಯಾಮೆರಾ ಕಣ್ಣಿನ ಎತ್ತರದಲ್ಲಿರಲಿ, ಚೌಕಟ್ಟಿನೊಳಗೆ ತಲೆಯ ಮೇಲೆ ಸ್ವಲ್ಪ ಜಾಗ, ಕೆಳಗೆ ಸೊಂಟದವರೆಗೆ, ಪಕ್ಕಕ್ಕೆ ಎರಡೂ ಮೊಣಕೈ ಕಾಣಬೇಕು.

ವೇಗದ ಮಾತು ಬಂದಾಗ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ. ನಮಗೆ ಬೇಕಿರುವುದು ಅಪ್‌ಲೋಡ್. ಪ್ರತಿ ಡೆಸ್ಕಿಗೆ ಎರಡೂ ದಿಕ್ಕಿನಲ್ಲಿ ಸುಮಾರು 2 ಎಂಬಿಪಿಎಸ್ ಏರಿಳಿತವಿಲ್ಲದೆ ಸಿಕ್ಕರೆ ಸಾಕು. ಸೆಕೆಂಡಿಗೆ 25 ಚೌಕಟ್ಟು ಇದ್ದರೆ ಸನ್ನೆ ಸಲೀಸಾಗಿ ಓದಿಸುತ್ತದೆ. 15ಕ್ಕಿಂತ ಕೆಳಗೆ ಹೋದರೆ ಬೆರಳಲ್ಲಿ ಅಕ್ಷರ ಹೇಳುವುದು ಕೈತಪ್ಪುತ್ತದೆ. ಚಿತ್ರ ಮಸುಕಾದರೂ ಅರ್ಥವಾಗುತ್ತದೆ, ತುಂಡಾದರೆ ಆಗುವುದಿಲ್ಲ. ವಾಟ್ಸ್‌ಆ್ಯಪ್ ಸೆಟ್ಟಿಂಗಿನಲ್ಲಿ ಕರೆಗೆ ಕಡಿಮೆ ಡೇಟಾ ಬಳಸುವ ಆಯ್ಕೆ ಆನ್ ಆಗಿದ್ದರೆ ಮೊದಲು ಅದನ್ನು ತೆಗೆಯಿಸಿ. ‘ನೆಟ್ ಸರಿ ಇಲ್ಲ’ ಎಂಬ ದೂರು ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಇನ್ನು ಕರಾವಳಿಯ ಮಳೆಗಾಲ. ಕರೆಂಟು ಹೋದಾಗ ಲ್ಯಾಪ್‌ಟಾಪ್ ಬದುಕಿರುತ್ತದೆ, ರೂಟರ್ ಸಾಯುತ್ತದೆ. ಫೈಬರ್ ಪೆಟ್ಟಿಗೆಗೂ ರೂಟರಿಗೂ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದೊಂದು ಇರಲೇಬೇಕು. ಕೇಬಲ್ಲೇ ತುಂಡಾದರೆ ಬದಲಿಗೆ ಬೇರೆ ಕಂಪನಿಯ ಮೊಬೈಲ್ ಹಾಟ್‌ಸ್ಪಾಟ್.

ಇನ್ನು ಕರೆ ಯಾರ ನಂಬರಿನಿಂದ ಹೋಗಬೇಕು ಎಂಬುದು. ಹೊರಗಿನವರಿಗೆ ಇದೊಂದು ಪ್ರಶ್ನೆ ಎಂದೇ ಹೊಳೆಯುವುದಿಲ್ಲ. ಡೆಸ್ಕಿನ ನಂಬರಿನಿಂದ ಮಾಡಿದರೆ ಕೆಲಸ ಸುಲಭ. ಆದರೆ ಒಂದೇ ನಂಬರಿನಿಂದ ದಿನವಿಡೀ ಹೊಸಹೊಸಬರಿಗೆ ಕರೆ ಹೋಗುತ್ತಿದ್ದರೆ ಟೆಲಿಕಾಂ ಕಂಪನಿಯ ಯಂತ್ರಕ್ಕೂ ಕರೆ ಗುರುತಿಸುವ ಆ್ಯಪ್‌ಗಳಿಗೂ ಅದು ಸ್ಪ್ಯಾಮ್ ಥರ ಕಾಣುತ್ತದೆ. ಪರದೆಯ ಮೇಲೆ ಕೆಂಪು ಬಂತೆಂದರೆ ಯಾರೂ ಎತ್ತುವುದಿಲ್ಲ. ಬ್ಯಾಂಕು, ವಿಮೆ, ಗ್ಯಾಸ್ ಕಂಪನಿಗಳ ಯಂತ್ರವಂತೂ ನೋಂದಾಯಿತ ಮೊಬೈಲನ್ನಷ್ಟೇ ಗುರುತಿಸುತ್ತದೆ. ಹೀಗಾಗಿ ಅಂಗಡಿ, ಕ್ಲಿನಿಕ್, ಬಾಡಿಗೆ ಮನೆ, ಕೆಲಸದ ವಿಚಾರಣೆಗೆ ಡೆಸ್ಕಿನ ನಂಬರು. ಖಾತೆ, ಪಾಲಿಸಿ, ಸಂಪರ್ಕ ಸಂಖ್ಯೆ ಇರುವಲ್ಲೆಲ್ಲ ಗ್ರಾಹಕರದೇ ಸಿಮ್.

ಗ್ರಾಹಕರ ಸಿಮ್‌ನಿಂದ ಮಾಡುವುದು ಹೀಗೆ. ವಿಡಿಯೊ ಒಂದು ಸಾಧನದಲ್ಲಿ, ಸಿಮ್ ಕರೆ ಇನ್ನೊಂದರಲ್ಲಿ. ಒಂದೇ ಮೊಬೈಲಿನಲ್ಲಿ ಎರಡನ್ನೂ ಮಾಡಲು ಹೊರಟರೆ ಸಿಮ್ ಕರೆ ಶುರುವಾದ ಕೂಡಲೇ ವಾಟ್ಸ್‌ಆ್ಯಪ್ ವಿಡಿಯೊ ನಿಂತುಹೋಗುತ್ತದೆ. ಮನೆಯವರ ಇನ್ನೊಂದು ಫೋನೋ ಲ್ಯಾಪ್‌ಟಾಪೋ ಬೇಕು. ವಿಡಿಯೊ ಇರುವ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದರೆ ಎರಡೂ ಕೈ ಬಿಡುವಾಗುತ್ತವೆ. ಆಮೇಲೆ ಗ್ರಾಹಕರು ತಮ್ಮ ಸಿಮ್‌ನಿಂದ ಡೆಸ್ಕಿಗೆ ಕರೆ ಮಾಡುತ್ತಾರೆ, ನಾವು ಎತ್ತುತ್ತೇವೆ. ಅವರು ‘ಆ್ಯಡ್ ಕಾಲ್’ ಒತ್ತಿ ಬ್ಯಾಂಕಿನ ನಂಬರ್ ಹಾಕುತ್ತಾರೆ. ಈಗ ನಾವು ಹೋಲ್ಡ್‌ನಲ್ಲಿದ್ದೇವೆ, ನಮಗೇನೂ ಕೇಳದು. ಅವರಿಗಂತೂ ಕೇಳುವುದೇ ಇಲ್ಲ. ಆ ಕಡೆ ಎತ್ತಿದರೆಂದು ತಿಳಿಯುವುದು ಹೇಗೆ? ಪರದೆಯಲ್ಲಿ ಎರಡನೇ ನಂಬರಿನ ಕೆಳಗೆ ಸೆಕೆಂಡುಗಳು ಎಣಿಸಲು ಶುರುವಾಗುತ್ತವೆ. ಆ ಅಂಕಿ ಓಡಿದ ಕೂಡಲೇ ‘ಮರ್ಜ್’. ಯಂತ್ರದ ಸ್ವಾಗತ ಭಾಷಣದ ಮೊದಲ ಮಾತು ತಪ್ಪಿಹೋಗುತ್ತದೆ, ತಪ್ಪಲಿ, ಅದು ಮತ್ತೆ ಹೇಳುತ್ತದೆ. ಮರ್ಜ್ ಆದ ಮೇಲೆ ಗ್ರಾಹಕರು ತಮ್ಮ ಫೋನನ್ನು ಮ್ಯೂಟ್ ಮಾಡಬೇಕು. ಇಲ್ಲದಿದ್ದರೆ ಅವರಿಗೆ ಕೇಳದ ಕುಕ್ಕರ್ ಸೀಟಿ, ಟಿವಿ ಎಲ್ಲ ಬ್ಯಾಂಕಿನವರಿಗೆ ಕೇಳುತ್ತದೆ. ಮ್ಯೂಟ್ ಇದ್ದರೂ ಕೀಪ್ಯಾಡ್ ಒತ್ತಿದ್ದು ಹೋಗುತ್ತದೆ.

ಎರಡು ಸಿಮ್‌ನ ಫೋನಿನಿಂದ ಹಾಟ್‌ಸ್ಪಾಟ್ ಕೊಟ್ಟು ವಿಡಿಯೊ ಓಡಿಸುವವರಿಗೆ ಒಂದು ಎಚ್ಚರಿಕೆ. ಡೇಟಾ ಒಂದು ಸಿಮ್‌ನಲ್ಲಿ, ಕರೆ ಇನ್ನೊಂದು ಸಿಮ್‌ನಲ್ಲಿ ಇಟ್ಟರೆ, ಹೆಚ್ಚಿನ ಫೋನುಗಳಲ್ಲಿ ಕರೆ ಮುಗಿಯುವವರೆಗೆ ಡೇಟಾ ನಿಲ್ಲುತ್ತದೆ. ಎರಡೂ ಒಂದೇ ಸಿಮ್‌ನಲ್ಲಿದ್ದು ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗಿಸುವ ವ್ಯವಸ್ಥೆ) ಆನ್ ಇದ್ದರೆ ತೊಂದರೆಯಿಲ್ಲ. ಸಿಮ್ ವಿಷಯ ಬಂದದ್ದಕ್ಕೆ ಇದನ್ನೂ ಹೇಳಬೇಕು: 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್, ಡೇಟಾ ಬೇಡದವರಿಗಾಗಿ ಬರೀ ಮಾತು-ಎಸ್‌ಎಂಎಸ್‌ನ ಪ್ಯಾಕ್ ಕೊಡಲೇಬೇಕೆಂದು ಕಂಪನಿಗಳಿಗೆ ಹೇಳಿತು. ನಮ್ಮ ಗ್ರಾಹಕರದು ಇದರ ತಿರುಗುಮುರುಗು. ಕರೆಯ ನಿಮಿಷಗಳಿಗೂ ಸೇರಿಸಿ ದುಡ್ಡು ತೆರುತ್ತಾರೆ, ಬಳಸುವುದು ಡೇಟಾ ಮಾತ್ರ.

ಕರೆಗೆ ಮುಂಚೆ ಒಂದೆರಡು ನಿಮಿಷದ ತಯಾರಿ. ಯಾರಿಗೆ, ಯಾತಕ್ಕೆ, ಏನಾದರೆ ಕೆಲಸ ಆದಂತೆ, ಕೇಳಿದರೆ ಹೇಳಬಹುದಾದ ಸಂಖ್ಯೆಗಳು ಕೈಯಲ್ಲಿವೆಯೇ. ಊರು, ಬೀದಿಯ ಹೆಸರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಬೆರಳಕ್ಷರ ಇಂಗ್ಲಿಷಿನದು, ನಮ್ಮ ಊರಿನ ಹೆಸರುಗಳಿಗೆ ಇಂಗ್ಲಿಷ್ ಸ್ಪೆಲಿಂಗ್ ಒಬ್ಬೊಬ್ಬರದು ಒಂದೊಂದು. ಮಂಗಳೂರಿನ ಕಂಕನಾಡಿಯ ಕೊನೆಗೆ ‘ವೈ’ ಹಾಕುವವರೂ ಇದ್ದಾರೆ, ‘ಐ’ ಹಾಕುವವರೂ ಇದ್ದಾರೆ. ಬಿಜೈ-ಬೆಜೈ ಕಥೆಯೂ ಅದೇ. ಹತ್ತಿರದವರಲ್ಲಿ ಓಡುವ ಊರಿನ ಸನ್ನೆ ಬೇರೆಯೇ ಇರುತ್ತದೆ. ಅಂಥ ಸನ್ನೆಗಳನ್ನು ನಮ್ಮ ಡೆಸ್ಕಿನಲ್ಲಿ ವಿಡಿಯೊ ಮಾಡಿ ಇಟ್ಟುಕೊಂಡಿದ್ದೇವೆ, ಹೊಸದಾಗಿ ಸೇರಿದ ಇಂಟರ್‌ಪ್ರಿಟರ್ ಮೊದಲು ಕಲಿಯುವುದು ಅದನ್ನೇ.

ಫೋನ್ ಎತ್ತಿದವರಿಗೆ ಹೇಳುವ ಮಾತು ಚಿಕ್ಕದಿರಬೇಕು. ‘ನಮಸ್ಕಾರ, ಕಿವಿ ಕೇಳದ ಗ್ರಾಹಕರೊಬ್ಬರು ವಿಡಿಯೊದಲ್ಲಿ ಇದ್ದಾರೆ. ಅವರ ಮಾತನ್ನು ನಾನು ಹೇಳುತ್ತೇನೆ, ನೀವು ಅವರ ಹತ್ತಿರವೇ ಮಾತಾಡಿ.’ ಇದಕ್ಕಿಂತ ಉದ್ದವಾದರೆ ‘ಬೇಡ, ಬೇಡ’ ಎಂದು ಇಟ್ಟುಬಿಡುತ್ತಾರೆ, ಏನೋ ಮಾರಲು ಬಂದವರೆಂದು ತಿಳಿದು. ಆಮೇಲೆ ಎಲ್ಲವೂ ಉತ್ತಮ ಪುರುಷದಲ್ಲೇ. ‘ಅವರಿಗೆ ನಾಳೆ ಬರಲಿಕ್ಕಾಗುವುದಿಲ್ಲವಂತೆ’ ಅಲ್ಲ, ‘ನನಗೆ ನಾಳೆ ಬರಲಿಕ್ಕಾಗುವುದಿಲ್ಲ’. ಕ್ಲಿನಿಕ್ಕಿನ ಹುಡುಗಿ ಮೊದಲು ‘ಎಂತ ಬೇಕಿತ್ತು?’ ಎಂದು ಕನ್ನಡದಲ್ಲಿ ಶುರುಮಾಡಿ, ಪಕ್ಕದವರನ್ನು ತುಳುವಿನಲ್ಲಿ ಕೇಳಿ, ನಮಗೆ ‘ಎಲ್ಲೆ ಬಲೆ’ (ನಾಳೆ ಬನ್ನಿ) ಎಂದು ಮುಗಿಸುತ್ತಾಳೆ. ಬದಿಯಲ್ಲಿ ಆಡಿದ ಮಾತೂ ಸನ್ನೆಯಾಗಬೇಕು. ಕೇಳುವ ಕಿವಿ ಇದ್ದವರಿಗೆ ಅದು ಕೇಳಿಸುತ್ತಿತ್ತಲ್ಲ. ಹಾಗಾಗಿ ಈ ಜಿಲ್ಲೆಯ ಡೆಸ್ಕಿನಲ್ಲಿ ತುಳು ಬರುವ ಒಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಲೇಬೇಕು. ಕೊಂಕಣಿ, ಬ್ಯಾರಿ ಬಂದರೆ ಇನ್ನೂ ಒಳ್ಳೆಯದು. ಬೆಂಗಳೂರಿನಿಂದಲೋ ದೆಹಲಿಯಿಂದಲೋ ಕರೆ ನಡೆಸುವ ಸೇವೆಗಳು ಇಲ್ಲಿ ಸೋಲುವುದು ಇದೇ ಜಾಗದಲ್ಲಿ.

ಅರ್ಧ ಗಂಟೆ ಬಿಡದೆ ಸನ್ನೆ ಮಾಡಿದರೆ ಕೈಗಿಂತ ಮೊದಲು ತಲೆ ದಣಿಯುತ್ತದೆ, ತಪ್ಪು ನುಸುಳುತ್ತದೆ, ಮಾಡಿದವರಿಗೇ ಗೊತ್ತಾಗುವುದಿಲ್ಲ. 20-30 ನಿಮಿಷಕ್ಕೆ ಆಳು ಬದಲಾಗಬೇಕು ಎಂಬುದು ಈ ವೃತ್ತಿಯ ಎಲ್ಲೆಡೆಯ ರೂಢಿ. ಗ್ರಾಹಕ ಸೇವೆಯ ಸಂಗೀತ ಕೇಳುತ್ತ ಕಾಯುವುದೂ ಲೆಕ್ಕಕ್ಕೆ ಬರುತ್ತದೆ, ‘ಸಂಗೀತ ನಡೀತಿದೆ’ ಎಂದು ಆಗಾಗ ಸನ್ನೆ ಮಾಡದಿದ್ದರೆ ಕರೆ ಕಟ್ಟಾಯಿತೆಂದು ವಿಡಿಯೊದಲ್ಲಿರುವ ಗ್ರಾಹಕರು ಎದ್ದುಹೋಗುತ್ತಾರೆ.

ಇನ್ನು ಬ್ಯಾಂಕು. ಯಂತ್ರದ ಮೆಟ್ಟಿಲುಗಳನ್ನೆಲ್ಲ ದಾಟಿ ಮನುಷ್ಯ ಸಿಕ್ಕಿದ ಮೇಲೆ ಬರುವ ಮಾತು ಒಂದೇ: ‘ಖಾತೆದಾರರೇ ಮಾತಾಡ್ಬೇಕು ಮೇಡಂ.’ ಖಾತೆದಾರರು ಗಂಡಸು, ಫೋನಿನಲ್ಲಿ ಹೆಂಗಸಿನ ದನಿ ಇದ್ದರೆ ಅಲ್ಲಿಗೇ ಕರೆ ಕಟ್. ಸಾಧ್ಯವಿದ್ದಲ್ಲೆಲ್ಲ ದನಿಗೆ ದನಿ ಹೊಂದಿಸಿಯೇ ಇಂಟರ್‌ಪ್ರಿಟರ್ ಕೂರಿಸುತ್ತೇವೆ. ಇದು ಮೋಸ ಮಾಡಲಿಕ್ಕಲ್ಲ, ಮೊದಲ ವಾಕ್ಯದಲ್ಲೇ ಇಂಟರ್‌ಪ್ರಿಟರ್ ಎಂದು ಹೇಳಿರುತ್ತೇವೆ. ಆದರೆ ಆ ಕಡೆಯವರ ಕೈಯಲ್ಲಿರುವ ಸ್ಕ್ರಿಪ್ಟಿನಲ್ಲಿ ಇಂಟರ್‌ಪ್ರಿಟರ್‌ಗೆ ಜಾಗವೇ ಇರುವುದಿಲ್ಲ. ಅವರಿಗೆ ಗೊತ್ತಿರುವುದು ಎರಡೇ ಜಾತಿ: ಖಾತೆದಾರ, ಮೂರನೆಯವ. ಮೂರನೆಯವನಿಗೆ ಮಾಹಿತಿ ಕೊಟ್ಟರೆ ಅವರ ಕೆಲಸ ಹೋಗುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ.

ಕೆಲಸ ಆಗುವುದು ಮುಂಚೆಯೇ ಬರೆದಿಟ್ಟ ಪತ್ರದಿಂದ. ಖಾತೆ ಇರುವ ಶಾಖೆಗೆ ಗ್ರಾಹಕರೇ ಹೋಗಿ ಕೊಡಬೇಕಾದ ಪತ್ರ. ತಾನು ಕಿವಿ ಕೇಳದವ, ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಸಂಖ್ಯೆ ಇಂಥದ್ದು, ನೋಂದಾಯಿತ ಮೊಬೈಲಿನಿಂದ ಸನ್ನೆ ಭಾಷಾ ಇಂಟರ್‌ಪ್ರಿಟರ್ ಸೇರಿಸಿ ಕರೆ ಮಾಡುತ್ತೇನೆ, ಇದನ್ನು ಖಾತೆಯ ದಾಖಲೆಯಲ್ಲಿ ನಮೂದಿಸಿ, ಫೋನಿನಲ್ಲಿ ಆಗದ್ದಕ್ಕೆ ಶಾಖೆಯ ಇಮೇಲ್ ಕೊಡಿ. ಪ್ರತಿಯ ಮೇಲೆ ಶಾಖೆಯ ಸೀಲು ಹಾಕಿಸಿಕೊಳ್ಳದೆ ಎದ್ದುಬರಬಾರದು. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಬ್ಯಾಂಕಿಗೆ ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.

ಗುಟ್ಟಿನ ಅಂಕಿಗಳ ವಿಷಯದಲ್ಲಿ ನಮ್ಮ ಡೆಸ್ಕಿನ ಕಟ್ಟುನಿಟ್ಟು ಹೀಗೆ. ಒಟಿಪಿ, ಪಿನ್ ಸನ್ನೆ ಮಾಡಲು ಬಿಡುವುದೇ ಇಲ್ಲ. ಯಂತ್ರ ‘ಪಿನ್ ಒತ್ತಿ’ ಎಂದಾಗ ಅದನ್ನು ಸನ್ನೆಯಲ್ಲಿ ಹೇಳಿ, ಇಂಟರ್‌ಪ್ರಿಟರ್ ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕ್ಯಾಮೆರಾಗೆ ಕಾಣುವಂತೆ ಇಡುತ್ತಾರೆ, ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಕೀಪ್ಯಾಡಿನ ಪ್ರತಿ ಅಂಕಿಗೂ ಬೇರೆ ಸ್ವರ ಇರುತ್ತದೆ, ಕೇಳಿಸಿಕೊಂಡವರು ಅಂಕಿ ಪತ್ತೆಮಾಡಬಹುದು, ಅದಕ್ಕೇ ಈ ಏರ್ಪಾಡು. ಗ್ರಾಹಕರು ಒತ್ತಿ ಹೆಬ್ಬೆರಳು ಎತ್ತಿದ ಮೇಲೆ ಹೆಡ್‌ಫೋನ್ ಮತ್ತೆ ಕಿವಿಗೆ. ಹುಟ್ಟಿದ ದಿನ, ತಾಯಿಯ ಹೆಸರು, ಕೊನೆಯ ವ್ಯವಹಾರ ಇಂಥವನ್ನು ಮಾತ್ರ ಬಾಯಲ್ಲಿ ಹೇಳಲೇಬೇಕಾಗುತ್ತದೆ. ಬರೆದುಕೊಳ್ಳಲು ಕಾಗದ ಇಲ್ಲ, ಸ್ಲೇಟು. ಕರೆ ಮುಗಿದ ಕೂಡಲೇ ಕ್ಯಾಮೆರಾದ ಮುಂದೆಯೇ ಒದ್ದೆ ಬಟ್ಟೆಯಲ್ಲಿ ಒರೆಸುವುದು. ರೆಕಾರ್ಡಿಂಗ್ ಇಲ್ಲ. ದಿನ, ಸಮಯ, ಎಷ್ಟು ನಿಮಿಷ, ಇಷ್ಟೇ ದಾಖಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ. ಇಟ್ಟುಕೊಳ್ಳದ ಮಾಹಿತಿಗೆ ಲೆಕ್ಕ ಕೊಡುವ ಕಷ್ಟವೂ ಇಲ್ಲ.

ಬ್ಯಾಂಕಿನವರು ವಿಡಿಯೊ ಕರೆಯಲ್ಲೇ ಗ್ರಾಹಕರ ಗುರುತು ಖಚಿತಪಡಿಸಿಕೊಳ್ಳುವ ವಿಡಿಯೊ ಕೆವೈಸಿಗೆ ಮಾತ್ರ ನಾವು ಕೂರುವುದಿಲ್ಲ. 2020ರಲ್ಲಿ ಬಂದ ಆ ವಿಧಾನದ ನಿಯಮದಲ್ಲೇ ಇದೆ, ಗ್ರಾಹಕರಿಗೆ ಪಕ್ಕದಿಂದ ಯಾರಾದರೂ ಹೇಳಿಕೊಡುತ್ತಿರುವುದು ಕಂಡರೆ ಅರ್ಜಿ ತಿರಸ್ಕರಿಸಬೇಕು ಎಂದು. ಬ್ಯಾಂಕಿನವರ ಕಣ್ಣಿಗೆ ಇಂಟರ್‌ಪ್ರಿಟರ್ ಹೇಳಿಕೊಡುವವರೇ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳು ಅಂಗವಿಕಲರಿಗೂ ದಕ್ಕುವುದು ಬದುಕುವ ಹಕ್ಕಿನ ಭಾಗ ಎಂದು ಹೇಳಿ, ಕೆವೈಸಿ ಬದಲಾಗಬೇಕೆಂದು ನಿರ್ದೇಶನಗಳನ್ನು ಕೊಟ್ಟಿತು. ಅದೇ ವರ್ಷ ರಿಸರ್ವ್ ಬ್ಯಾಂಕ್, ಅಂಗವಿಕಲರ ಅರ್ಜಿಯನ್ನು ವಿವೇಚನೆಯಿಲ್ಲದೆ ತಳ್ಳಿಹಾಕುವಂತಿಲ್ಲ, ತಳ್ಳಿದರೆ ಕಾರಣ ದಾಖಲಿಸಬೇಕು ಎಂದಿತು. ಕೌಂಟರಿನವರೆಗೆ ಇದು ಇಳಿಯುವ ತನಕ ಶಾಖೆಗೆ ಹೋಗಿ ಕೆವೈಸಿ ಮುಗಿಸುವುದೇ ಹತ್ತಿರದ ದಾರಿ.

ದುಡ್ಡಿನ ಲೆಕ್ಕ ಸರಳ, ಅದಕ್ಕೇ ಕಹಿ. ಉದಾಹರಣೆಗೆ ಇಂಟರ್‌ಪ್ರಿಟರ್‌ಗೆ ತಿಂಗಳಿಗೆ 25,000 ರೂಪಾಯಿ, 25 ಕೆಲಸದ ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ 1,000. ಎಂಟು ಗಂಟೆಯ ಪಾಳಿಯಲ್ಲಿ 480 ನಿಮಿಷ ಇದ್ದರೂ ಕಾಯುವುದು, ತಯಾರಿ, ವಿಶ್ರಾಂತಿ ಕಳೆದು ನಿಜವಾದ ಮಾತು 150 ನಿಮಿಷ ಸಿಕ್ಕಿತೆನ್ನಿ. ಬರೀ ಸಂಬಳವೇ ನಿಮಿಷಕ್ಕೆ 6 ರೂಪಾಯಿ 67 ಪೈಸೆ. ಆಳು ಬದಲಿಸಲು ಇನ್ನೊಬ್ಬರು ಬೇಕಲ್ಲ, ಆಗ 13 ದಾಟಿತು. ಬಾಡಿಗೆ, ನೆಟ್ಟು, ಕರೆಂಟು ಇನ್ನೂ ಸೇರಿಲ್ಲ. ಕೇಳುವವರು ಅದೇ ಕರೆಯನ್ನು ಪ್ಯಾಕಿನೊಳಗೆ ಮಾಡಿ ಮುಗಿಸುತ್ತಾರೆ. ಕಿವುಡರಿಂದ ಇದನ್ನು ವಸೂಲಿ ಮಾಡುವುದು ನ್ಯಾಯವಲ್ಲ, ಮಾಡಿದರೂ ಡೆಸ್ಕ್ ನಡೆಯುವುದಿಲ್ಲ.

ಅಮೆರಿಕದಲ್ಲಿ ಈ ಗಂಟು ಬಿಚ್ಚಿದ್ದು 1990ರ ಅಂಗವಿಕಲರ ಕಾಯ್ದೆ. ಅಲ್ಲಿ ರಿಲೇ ದಾನವಲ್ಲ, ಫೋನ್ ಸೇವೆಯದೇ ಒಂದು ಭಾಗ. ಟೆಲಿಕಾಂ ಕಂಪನಿಗಳ ಆದಾಯದಿಂದ ನಿಧಿ ಕೂಡುತ್ತದೆ. ನಿಯಂತ್ರಕ ಸಂಸ್ಥೆ ಎಫ್‌ಸಿಸಿ ರಿಲೇ ಕಂಪನಿಗಳಿಗೆ ನಿಮಿಷದ ಲೆಕ್ಕದಲ್ಲಿ ಕೊಡುತ್ತದೆ, ಬಳಸುವವರಿಗೆ ಉಚಿತ. ಷರತ್ತುಗಳು ಬಿಗಿ: ದಿನದ 24 ಗಂಟೆಯೂ ನಡೆಸಬೇಕು, ತಿಂಗಳ ಕರೆಗಳಲ್ಲಿ ಶೇಕಡಾ 80ನ್ನು 120 ಸೆಕೆಂಡಿನೊಳಗೆ ಎತ್ತಬೇಕು, ಕರೆಯ ನಡುವೆ ಕನಿಷ್ಠ 10 ನಿಮಿಷ ಇಂಟರ್‌ಪ್ರಿಟರ್ ಬದಲಾಗಬಾರದು, ಮಾತಿನ ಯಾವ ದಾಖಲೆಯೂ ಕರೆಯಾಚೆ ಉಳಿಯಬಾರದು. ನಿಮಿಷಕ್ಕೆ ಇಷ್ಟೆಂದು ಕೊಟ್ಟರೆ ನಿಮಿಷವನ್ನೇ ಬೆಳೆಯುವವರು ಹುಟ್ಟುತ್ತಾರೆ. 2009ರ ನವೆಂಬರಿನಲ್ಲಿ 26 ಜನರ ಮೇಲೆ ಅಲ್ಲಿ ಆರೋಪಪಟ್ಟಿ ಬಿತ್ತು. ಯಾರಿಗೂ ಬೇಡದ ಸುಳ್ಳು ಕರೆಗಳನ್ನು ಗಂಟೆಗಟ್ಟಲೆ ಓಡಿಸಿ ಬಿಲ್ ಮಾಡಿದ್ದರು. ಆಮೇಲೆ ಬಳಕೆದಾರರ ಗುರುತು ಪರಿಶೀಲಿಸುವ ನೋಂದಣಿ ಕಡ್ಡಾಯವಾಯಿತು. ನಮ್ಮಲ್ಲೂ ನಾಳೆ ನಿಧಿ ಬಂದರೆ ಈ ಪಾಠದಿಂದಲೇ ಶುರುವಾಗಲಿ.

ನಿಧಿ ಇಲ್ಲವೆಂದೇನಲ್ಲ. ಟೆಲಿಕಾಂ ಕಂಪನಿಗಳು ತಮ್ಮ ಆದಾಯದ ಶೇಕಡಾ 5ನ್ನು ತೆರುವ ಸಾರ್ವತ್ರಿಕ ಸೇವಾ ನಿಧಿಗೆ ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು. 2024ರ ಅದರ ನಿಯಮಗಳಲ್ಲಿ ಮಹಿಳೆಯರು, ಅಂಗವಿಕಲರು, ಹಿಂದುಳಿದವರಿಗೆ ದೂರಸಂಪರ್ಕ ಸೇವೆ ತಲುಪಿಸುವುದೂ ಸೇರಿದೆ. ರಿಲೇ ಇದಕ್ಕಿಂತ ಚೆನ್ನಾಗಿ ಹೊಂದುವ ಜಾಗ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ನಿಧಿಯ ಜೊತೆಗೆ ರಿಲೇ ಇಂಟರ್‌ಪ್ರಿಟರ್ ಮೂರನೆಯವರಲ್ಲ, ತಂತಿಯ ಭಾಗ ಎಂದು ನಿಯಂತ್ರಕರು ಒಂದು ಸಾಲು ಬರೆದುಕೊಟ್ಟರೆ ಬ್ಯಾಂಕಿನ ಸ್ಕ್ರಿಪ್ಟೂ ಬದಲಾಗುತ್ತದೆ. ಬರೀ ದುಡ್ಡು ಕೊಟ್ಟರೆ ‘ಖಾತೆದಾರರೇ ಮಾತಾಡ್ಬೇಕು’ ಎಂಬಲ್ಲಿ ಕರೆ ನಿಲ್ಲುವುದು ತಪ್ಪುವುದಿಲ್ಲ.

ತುರ್ತು ಕರೆಗೆ ನಮ್ಮ ಡೆಸ್ಕನ್ನು ನಂಬಬಾರದು, ನೋಂದಣಿಯ ದಿನವೇ ಇದನ್ನು ಹೇಳುತ್ತೇವೆ. ಬ್ರಿಟನ್ನಿನಲ್ಲಿ 2022ರ ಜೂನ್ 17ರಿಂದ ತುರ್ತು ಸಂಖ್ಯೆಗೇ ಸನ್ನೆ ಭಾಷೆಯ ವಿಡಿಯೊ ರಿಲೇ ಇದೆ, ಹಗಲು ರಾತ್ರಿ, ಉಚಿತ. ಇಲ್ಲಿ ಡೆಸ್ಕಿಗೆ ಬೀಗ ಬಿದ್ದ ಮೇಲೆ ಯಾರೂ ಇಲ್ಲ. ಅದಕ್ಕೆ ಪ್ರತಿ ಗ್ರಾಹಕರ ಫೋನಿನಲ್ಲೂ 112 ಇಂಡಿಯಾ ಆ್ಯಪ್ ಹಾಕಿಸಿ, ಹೆಸರು ಮತ್ತು ತುರ್ತಿಗೆ ಬೇಕಾದವರ ನಂಬರು ತುಂಬಿಸಿ, ಲೊಕೇಶನ್ ಅನುಮತಿ ಕೊಡಿಸಿಯೇ ಕಳಿಸುವುದು. ಆ್ಯಪ್ ಗುಂಡಿ ಒತ್ತಿದ ಮೇಲೆ ನಿಯಂತ್ರಣ ಕೊಠಡಿಯಿಂದ ಕರೆ ವಾಪಸ್ ಬಂದರೆ ಇವರಿಗೆ ಕೇಳುವುದಿಲ್ಲ, ಎತ್ತದಿದ್ದರೆ ಸುಳ್ಳು ಕರೆ ಎನಿಸಬಹುದು. ಆದ್ದರಿಂದ ಒಂದು ಸಂದೇಶ ಮೊದಲೇ ಬರೆದಿಡಿಸುತ್ತೇವೆ: ‘ನನಗೆ ಕಿವಿ ಕೇಳುವುದಿಲ್ಲ, ಕರೆ ಮಾಡಬೇಡಿ, ಮೆಸೇಜ್ ಮಾಡಿ, ನನ್ನ ವಿಳಾಸ ಇದು.’ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು, ಮನೆ ನಂಬರು ಮತ್ತು ಹತ್ತಿರದ ಗುರುತಿನ ಸಮೇತ. ಮನೆ ಬದಲಾದಾಗ ಅದನ್ನು ತಿದ್ದಲು ಮರೆಯುವವರೇ ಹೆಚ್ಚು. ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುವಾಗ ಆ ಸಂದೇಶವನ್ನು ತೆರೆಸಿ ನೋಡುತ್ತೇವೆ.